ಹೊಸಬಳ ಪ್ರಶ್ನೆ

ಇಂದುಮತಿಯ ತಲೆಯಲ್ಲಿ ಒಂದು ಬಿಳಿ ಕೂದಲು ಕಾಣಿಸಿತೆಂದರೆ ಅದು ನಮ್ಮ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಬೆಳಿಗ್ಗೆ ಬಾಚಣಿಗೆ ಹಿಡಿದು ಕೂತವಳು ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, "ಯಾರು ನಿನ್ನೆ ನನ್ನ ಬಾಯಿ ಬಿಡಿಸಿದ್ದು?" ಎಂದು ಕೂಗುತ್ತಿದ್ದಳು. ಎದುರು ಮನೆಯವಳಾದ ನಾನು ಸೊಪ್ಪು ಬಿಡಿಸುತ್ತ ಕೂತಲ್ಲಿಂದಲೇ, "ಹಾಲಿನವನಿರಬೇಕು ಕಣೇ. ನಾಳೆ ಎಷ್ಟು ಹಾಕ್ಲಿ ಅಂತ ದಿನಾ ಕೇಳ್ತಾನಲ್ಲ" ಎನ್ನುತ್ತಿದ್ದೆ.

"ಅವನಿಗೆ ಪಾತ್ರೆ ತೋರಿಸ್ತೀನಕ್ಕಾ, ಬಾಯಿ ಬಿಡಲ್ಲ. ಇದು ನಿಮ್ಮ ತಮ್ಮನದೇ ಕೆಲಸ. ಕನ್ನಡಕ ಎಲ್ಲಿ ಅಂದ್ರು, ಮರೆತು ಹೇಳ್ಬಿಟ್ಟೆ." ಅವಳ ಗಂಡನನ್ನು ನಾನು ತಮ್ಮಾ ಎಂದು ಕರೆಯುತ್ತಿದ್ದುದರಿಂದ ಅವನ ತಪ್ಪುಗಳೆಲ್ಲ ನನ್ನ ತವರಿನ ಲೆಕ್ಕಕ್ಕೆ ಬರುತ್ತಿದ್ದವು.

ನಮ್ಮೂರಿನಲ್ಲಿ ತಲೆ ನೆರೆಯುವುದು ವಯಸ್ಸಿನಿಂದಲ್ಲ. ಒಮ್ಮೆ ಹೇಳಿದ ಉತ್ತರವನ್ನೇ ಮತ್ತೆ ಕೇಳಿದವರಿಗೆ ಮತ್ತೆ ಹೇಳಿದರೆ ಒಂದು ಕೂದಲು ಬೆಳ್ಳಗಾಗುತ್ತದೆ. ಅಷ್ಟೇ. ಯಾರೂ ಕೇಳದೆ ನೂರು ಸಲ ಹೇಳಿದರೂ ಏನೂ ಆಗುವುದಿಲ್ಲ. ಆದ್ದರಿಂದಲೇ ಮಂತ್ರ ಹೇಳುವ ಪುರೋಹಿತರ ಜುಟ್ಟು ಕಪ್ಪಗಿರುತ್ತದೆ. ವೇದಿಕೆ ಹತ್ತುವ ಮುಖಂಡರ ತಲೆಯೂ ಹಾಗೆಯೇ; ಕೇಳಿದ್ದಕ್ಕೆ ಉತ್ತರ ಕೊಟ್ಟು ಅವರಿಗೆ ಅಭ್ಯಾಸವಿಲ್ಲ. ಬಸ್ ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಗೆ ಕೂತ ಹುಡುಗ ಕೆಲಸಕ್ಕೆ ಸೇರಿದ ವರ್ಷವೇ ಅಜ್ಜನಂತಾಗುತ್ತಾನೆ. ಔಷಧಿ ಅಂಗಡಿಯವನು 'ಊಟಕ್ಕೆ ಮೊದಲು', 'ಊಟದ ನಂತರ' ಎಂದು ಎರಡು ಹಲಗೆ ಬರೆಸಿಟ್ಟುಕೊಂಡು ಕೋಲಿನಿಂದ ತೋರಿಸುತ್ತಾನೆ. ಹೆಣ್ಣು ನೋಡಲು ಬಂದವರು ಹುಡುಗಿಗಿಂತ ಮುಂಚೆ ಅವಳ ತಾಯಿಯ ತಲೆ ನೋಡುತ್ತಾರೆ. ತೀರಾ ಕಪ್ಪಗಿದ್ದರೆ, ಮಗಳಿಗೆ ಏನೂ ಹೇಳಿಕೊಟ್ಟಿಲ್ಲ ಎಂದು ದಾರಿಯಲ್ಲಿ ಆಡಿಕೊಳ್ಳುತ್ತಾರೆ. ತೀರಾ ಬೆಳ್ಳಗಿದ್ದರೆ, ಹುಡುಗಿ ದಡ್ಡಿ ಎನ್ನುತ್ತಾರೆ. ಬಣ್ಣ ಹಚ್ಚಿ ನೋಡಿದವರೂ ಉಂಟು. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಜಾರಿ ಹೋಗುತ್ತದೆ. ನಾನು ಕಾಲೇಜಿನ ಪುಸ್ತಕ ಭಂಡಾರದಲ್ಲಿದ್ದವಳು. ನನ್ನ ಮುಂದಲೆಯ ಬಿಳಿ ಪಟ್ಟಿ ಪೂರ್ತಿ, ನಿಘಂಟು ಯಾವ ಕಪಾಟಿನಲ್ಲಿದೆ ಎಂದು ಕೇಳಿದ ಮಕ್ಕಳದು.

ಇಂದುಮತಿ ಮಾತ್ರ ಅರವತ್ತು ದಾಟಿದರೂ ಕಾಡಿಗೆಯಂಥ ಜಡೆ ಇಟ್ಟುಕೊಂಡಿದ್ದಳು. ಅದನ್ನು ಜಂಬವೆಂದು ತಿಳಿದವರೇ ಹೆಚ್ಚು. ಅದು ಭಯವೆಂದು ನನಗೆ ಗೊತ್ತಿತ್ತು. ಅವಳ ತಾಯಿ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಹೇಳುತ್ತಿದ್ದರು. ಇಂದುಮತಿ ಹುಟ್ಟುವ ಹೊತ್ತಿಗೇ ಅವರದು ಬೆಳ್ಳಿ ತಲೆ. ಒಮ್ಮೆ ಯಾವುದೋ ಮದುವೆಯಲ್ಲಿ ಪರಸ್ಥಳದವರೊಬ್ಬರು ಆಕೆಯನ್ನು ಗಂಡನ ತಾಯಿಯೆಂದು ತಿಳಿದು ಕಾಲಿಗೆ ಬಿದ್ದರಂತೆ. ಆಕೆ ನಗುತ್ತಲೇ ಆಶೀರ್ವಾದ ಮಾಡಿ, ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತರಂತೆ. ಬಾಗಿಲ ಹೊರಗೆ ನಿಂತಿದ್ದ ಮಗಳು ಆ ಅಳುವನ್ನು ಮರೆಯಲಿಲ್ಲ.

ಇಂದುಮತಿಯ ಕೈಕೆಲಸ ಮಾತ್ರ ನೋಡುವಂಥದ್ದು. ಒಂದು ಕ್ರೋಶಾ ಕಡ್ಡಿ, ಒಂದು ಉಂಡೆ ನೂಲು ಕೊಟ್ಟರೆ ಸಾಕು, ಮೇಜಿನ ಹೊದಿಕೆ, ಶಾಲು, ತೊಟ್ಟಿಲ ಪರದೆ ಏನು ಬೇಕಾದರೂ ಹೆಣೆಯುತ್ತಿದ್ದಳು. ಊರಿನ ಅರ್ಧ ಹೆಂಗಸರ ಹಾಗೆ ಅವಳೂ ಕಲಿತದ್ದು ತಾರಾಬಾಯಿ ಟೀಚರ ಜಗಲಿಯಲ್ಲಿ. ತಾರಾಬಾಯಿ ಯಾವ ಶಾಲೆಯ ಟೀಚರೂ ಅಲ್ಲ. ಮಧ್ಯಾಹ್ನದ ಕೆಲಸ ಮುಗಿಸಿ ಜಗಲಿಗೆ ಚಾಪೆ ಹಾಸಿದರೆ ಬಂದವರಿಗೆಲ್ಲ ಕಲಿಸುತ್ತಿದ್ದರು, ಜನ ಟೀಚರ್ ಎಂದರು. ಅವರು ಎಡಗೈಯವರು. ನಾವೆಲ್ಲ ಬಲದಿಂದ ಎಡಕ್ಕೆ ಹೆಣೆದರೆ ಅವರ ಸಾಲು ಎಡದಿಂದ ಬಲಕ್ಕೆ ಹೋಗುತ್ತಿತ್ತು. ಹಾಗಾಗಿ ಕಲಿಯಲು ಬಂದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ, ಮಂಡಿಗೆ ಮಂಡಿ ತಾಗುವ ಹಾಗೆ ಎದುರಿಗೆ ಕೂರಿಸಿಕೊಂಡು, "ನಾನು ಕನ್ನಡಿ ಅಂದ್ಕೋ. ನಾನು ಮಾಡಿದ್ದನ್ನ ಮಾಡು" ಎನ್ನುತ್ತಿದ್ದರು.

ಹೊಸದಾಗಿ ಕಲಿಯುವವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಚೌಕವಾಗಿ ಶುರುಮಾಡಿದ್ದು ಯಾಕೆ ಹೋಗಹೋಗುತ್ತ ತ್ರಿಕೋನವಾಗುತ್ತದೆ? ಉತ್ತರವೂ ಒಂದೇ. ಸಾಲು ಮುಗಿಸಿ ತಿರುಗಿಸುವ ಕಡೆ ಕೊನೆಯ ಕುಣಿಕೆ ಬಾಗಿಕೊಂಡು ಅಂಚಿನಲ್ಲಿ ಅಡಗಿರುತ್ತದೆ. ಹೊಸ ಕಣ್ಣಿಗೆ ಅದು ಕಾಣುವುದಿಲ್ಲ. ಸಾಲಿಗೊಂದರಂತೆ ಬಿಟ್ಟುಹೋಗಿ ಬಟ್ಟೆ ಸಣ್ಣದಾಗುತ್ತ ಬರುತ್ತದೆ. ತಾರಾಬಾಯಿ ಇದನ್ನು ಎಷ್ಟು ಜನಕ್ಕೆ ಹೇಳಿದರೋ. ಹೇಳುವಾಗ ಪ್ರತಿ ಸಲವೂ ಆ ಅಂಚನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, "ನೋಡು, ಇಲ್ಲಿ ನಾಚ್ಕೊಂಡು ಕೂತಿದೆ" ಎಂದು, ತಾವೂ ಈಗಷ್ಟೇ ಕಂಡವರಂತೆ ತೋರಿಸುತ್ತಿದ್ದರು. ನಾನು ಮೆಚ್ಚಿದ್ದು ಅದನ್ನು. ಅವರ ತಲೆ ಹತ್ತಿಯ ಹಾಗಿತ್ತು. ಯಾರಾದರೂ ಅಯ್ಯೋ ಎಂದರೆ, "ಹೋದ್ರೆ ಬಣ್ಣ ಹೋಯ್ತು, ಕೂದಲು ಇದೆಯಲ್ಲ. ಹೊಸಬರು ಬರಿಗೈಲಿ ಎದ್ದು ಹೋಗಬಾರದು ಕಣ್ರೇ. ಹಳಬರು ಕಾಯ್ತಾರೆ, ಅವರಿಗೇನು" ಎನ್ನುತ್ತಿದ್ದರು.

ಮಗ ರೈಲ್ವೆ ಗೇಟಿನಾಚೆ ಮನೆ ಕಟ್ಟಿಸಿ ತಾಯಿಯನ್ನು ಕರೆದುಕೊಂಡು ಹೋದ ಮೇಲೆ ಜಗಲಿಯ ಚಾಪೆ ಸುತ್ತಿಟ್ಟದ್ದು ಸುತ್ತಿಟ್ಟಂತೆಯೇ ಉಳಿಯಿತು. ಆಗ ಇಂದುಮತಿ ಫೋನಿನಲ್ಲಿ ಒಂದು ಗುಂಪು ಮಾಡಿದಳು. 'ಕುಣಿಕೆ ಬಳಗ' ಎಂದು ಹೆಸರು. ಟೀಚರ ಶಿಷ್ಯರೆಲ್ಲ ಸೇರಿದರು. ಆಮೇಲೆ ಅವರ ಓರಗಿತ್ತಿಯರು, ನಾದಿನಿಯರು, ಹೊಸ ಪೇಟೆಯವರು, ಕೆಲವು ಗಂಡಸರೂ. ನನ್ನ ಬೆರಳುಗಳ ಗಂಟು ಊದಿಕೊಂಡು ಕಡ್ಡಿ ಹಿಡಿಯಲಾಗದ್ದರಿಂದ ನಾನು ಸೇರಲಿಲ್ಲ. ಆದರೆ ಇಂದುಮತಿ ಸಂಜೆ ನಮ್ಮ ಮನೆಗೆ ಬಂದು ಗುಂಪಿನಲ್ಲಿ ಬಂದದ್ದನ್ನೆಲ್ಲ ಓದಿ ಹೇಳುತ್ತಿದ್ದಳು. ಕಾಫಿಯ ಜೊತೆ ಅದೊಂದು ಚಕ್ಕುಲಿ ಇದ್ದ ಹಾಗೆ.

ಮೊದಮೊದಲು ಅವಳೂ ಎಲ್ಲರಿಗೂ ಉತ್ತರ ಬರೆದಳು. ದಿನ ಬೆಳಗಾದರೆ ಒಬ್ಬರು ಹೊಸಬರು, ಒಂದು ತ್ರಿಕೋನದ ಫೋಟೋ, ಅದೇ ಪ್ರಶ್ನೆ. ಫೋನಿನಲ್ಲಿ ಬರೆದರೂ ಕೂದಲು ಬಿಡುವುದಿಲ್ಲ. ಕಿವಿಯ ಹಿಂದೆ ಒಂದು ಬಿಳಿ ಎಳೆ, ಆಮೇಲೆ ಒಂದು ಜೊಂಪೆ. ಒಂದು ದಿನ ಅವಳು ಕೂತು, ಆ ಪ್ರಶ್ನೆಗೂ ಅಂಥ ಇನ್ನಷ್ಟು ಪ್ರಶ್ನೆಗಳಿಗೂ ಸೇರಿಸಿ ಒಂದು ಉದ್ದನೆಯ ಉತ್ತರ ಬರೆದಳು. ಚೆನ್ನಾಗಿ ಬರೆದಿದ್ದಳು, ನಾನೇ ಓದಿ ಒಂದೆರಡು ಕಡೆ ತಿದ್ದಿದ್ದೆ. ಅದನ್ನು ಗುಂಪಿನ ನೆತ್ತಿಯ ಮೇಲೆ ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಟ್ಟಳು. ಅಂದಿನಿಂದ ಹೊಸಬರು ಕೇಳಿದರೆ "ಮೇಲೆ ನೋಡಿ" ಎಂದು ಬರೆದರಾಯಿತು. ವಾರದಲ್ಲೇ ತಿಳಿಯಿತು, "ಮೇಲೆ ನೋಡಿ" ಎಂಬುದೂ ಮತ್ತೆ ಮತ್ತೆ ಹೇಳಿದರೆ ಉತ್ತರವೇ. ಅದಕ್ಕೂ ಕೂದಲು ಹೋಗುತ್ತದೆ. ಆಗ ಕಾಂತಿಮತಿ ಉಪಾಯ ಕಂಡುಹಿಡಿದಳು. ಅವಳು ಬಳಗದ ವಾಚಾಳಿ, ಇಂದುಮತಿಯ ಬಲಗೈ. ಮೇಲಕ್ಕೆತ್ತಿದ ಬೆರಳಿನ ಚಿತ್ರವೊಂದು ಫೋನಿನಲ್ಲಿ ಇರುತ್ತದಲ್ಲ, ಅದನ್ನು ಒತ್ತಿದರೆ ಮುಗಿಯಿತು. ಮಾತೂ ಇಲ್ಲ, ಕೂದಲೂ ಇಲ್ಲ.

ಹೊಸಬರು ಕೇಳಿದೊಡನೆ ಬೆರಳುಗಳು ಏಳತೊಡಗಿದವು. ಒಬ್ಬರಲ್ಲ, ಹತ್ತು ಜನ ಒತ್ತುತ್ತಿದ್ದರು. ಪ್ರಶ್ನೆಯ ಕೆಳಗೆ ಬೇಲಿ ನೆಟ್ಟ ಹಾಗೆ ಕಾಣುತ್ತಿತ್ತು. ಕೆಲವರು ಮೇಲೆ ಹೋಗಿ ಓದಿ ಕಲಿತರು. ಕೆಲವರು ಇನ್ನೊಂದು ಮಾತಾಡದೆ ಗುಂಪು ಬಿಟ್ಟರು. ಬಿಟ್ಟವರ ಬಗ್ಗೆ ಕಾಂತಿಮತಿ, "ನೂಲು ಉಳೀತು" ಎನ್ನುತ್ತಿದ್ದಳು.

ಬೆರಳು ಒತ್ತದೆ ಉಳಿದವಳು ಜುಬೇದಾ ಒಬ್ಬಳೇ. ಮಾರುಕಟ್ಟೆಯ ಹಿಂದೆ ಹೊಲಿಗೆ ಅಂಗಡಿ ಇಟ್ಟಿದ್ದಳು, ಅವಳ ತಲೆಯೂ ಆಗಲೇ ಮುಕ್ಕಾಲು ಬಿಳಿ. ಒಂದು ಸಂಜೆ ರವಿಕೆ ಕೊಡಲು ಬಂದವಳು ಇಂದುಮತಿಯೂ ಇದ್ದದ್ದನ್ನು ಕಂಡು ಮೆಟ್ಟಿಲ ಮೇಲೇ ಕೂತು ಹೇಳಿದಳು: "ಅಕ್ಕಾ, ನೀವು ಬರೆದಿರೋದು ಭಾಳ ಚೆನ್ನಾಗಿದೆ. ಆದ್ರೆ ಕೇಳೋರಿಗೆ ಬೇಕಾಗಿರೋದು ಬರೆದಿರೋದಲ್ಲ. ನನ್ನ ತುಂಡು ನೋಡಿ ನನಗೆ ಹೇಳಿ ಅಂತ."

"ನಿನ್ನ ತಲೆ ನೋಡ್ಕೋ ಜುಬೇದಾ. ಸುಣ್ಣದ ಗಡಿಗೆ ಆಗಿದೆ."

"ಗಡಿಗೆ ಇರೋದು ತುಂಬ್ಸೋಕೆ ತಾನೇ ಅಕ್ಕಾ."

"ಹಂಗಾದ್ರೆ ನೀನು ತುಂಬ್ಸು. ಗುಂಪಲ್ಲಿ ಬೇಡ. ಒಬ್ಬರಿಗೆ ಹೇಳಿದ್ರೆ ಇನ್ನು ನಾಲ್ಕು ಜನ ಮೇಲೆ ನೋಡೋದು ಬಿಟ್ಟು ಬಾಯಿ ತೆರೀತಾರೆ."

ಇಂದುಮತಿಯ ಮಾತಿನಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ಜುಬೇದಾ ನಕ್ಕು, ರವಿಕೆಯ ತೋಳು ಸರಿಯಾಗಿದೆಯೇ ಎಂದು ಕೇಳಿ, ಎದ್ದು ಹೋದಳು.

ಮಳೆಗಾಲ ಶುರುವಾಗುವ ಹೊತ್ತಿಗೆ ಗುಂಪಿಗೆ ಒಂದು ಹೊಸ ನಂಬರು ಸೇರಿತು. ಹೆಸರಿಲ್ಲ, ಮುಖದ ಚಿತ್ರವಿಲ್ಲ. "ನಾನು ಹೊಸಬಳು. ನನ್ನದು ಯಾಕೆ ತ್ರಿಕೋನ ಆಗುತ್ತಿದೆ? ದಯವಿಟ್ಟು ತಿಳಿಸಿ" ಎಂದು ಬರೆದು, ನೀಲಿ ನೂಲಿನ ಒಂದು ತುಂಡಿನ ಫೋಟೋ ಹಾಕಿತ್ತು.

ಅದು ತಾರಾಬಾಯಿ ಟೀಚರು. ಇದು ನಮಗೆ ಆಮೇಲೆ ಗೊತ್ತಾದದ್ದು, ಅವರ ಸೊಸೆ ವೃಂದಾ ಹೇಳಿದ ಮೇಲೆ. ಆಗ ಯಾರಿಗೂ ಗೊತ್ತಿರಲಿಲ್ಲ. ಅವರ ಮರೆವು ಮೊದಲು ಸಣ್ಣದಾಗಿ ಶುರುವಾಗಿತ್ತು. ಒಲೆಯ ಮೇಲಿಟ್ಟ ಹಾಲು, ಮೊಮ್ಮಗಳ ಹೆಸರು. ಅದನ್ನೆಲ್ಲ ಅವರು ನಕ್ಕು ದಾಟಿಸುತ್ತಿದ್ದರಂತೆ. ಕೈಕೆಲಸ ಮಾತ್ರ ಬಿಟ್ಟಿರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಹೆಣೆಯುತ್ತಿದ್ದರು. ಹೆಣೆಯುವಷ್ಟು ಹೊತ್ತು ಅವರು ಮೊದಲಿನ ತಾರಾಬಾಯಿಯೇ, ಕಡ್ಡಿ ಕೆಳಗಿಟ್ಟರೆ ಕಳೆದುಹೋದವರು ಎಂದು ವೃಂದಾ ಹೇಳಿದಳು. ಒಂದು ದಿನ ನೋಡಿದರೆ ಅಂಚು ಒಳಗೆ ಸರಿಯುತ್ತಿದೆ. ಬಿಚ್ಚಿ ಹೆಣೆದರು, ಮತ್ತೆ ಸರಿಯಿತು. ಜೀವಮಾನವಿಡೀ ಇತರರಿಗೆ ತೋರಿಸಿದ ಆ ಕೊನೆಯ ಕುಣಿಕೆ ಅವರಿಗೇ ಕಾಣದಾಗಿತ್ತು. ವೃಂದಾಳಿಗೆ ಕ್ರೋಶಾ ಬಾರದು. "ನಿಮ್ಮ ಶಿಷ್ಯರನ್ನ ಕೇಳೋಣ, ಇಂದುಮತಿಯವರಿಗೆ ಫೋನ್ ಮಾಡ್ಲಾ?" ಎಂದಳು. ತಾರಾಬಾಯಿ ಅವಳ ಕೈ ಹಿಡಿದುಕೊಂಡರು. "ಬೇಡಮ್ಮ. ಟೀಚರಿಗೇ ಮರೆತುಹೋಗಿದೆ ಅಂತ ಗೊತ್ತಾದ್ರೆ ಅವಕ್ಕೆ ಸಂಕಟ ಆಗುತ್ತೆ. ಹೊಸಬಳು ಅಂತ ಕೇಳು. ನಮ್ಮ ಹುಡುಗೀರು ಹೊಸಬರನ್ನ ಬರಿಗೈಲಿ ಕಳಿಸಲ್ಲ" ಎಂದರಂತೆ. ವೃಂದಾ ತನ್ನ ಇನ್ನೊಂದು ನಂಬರಿನಿಂದ ಅತ್ತೆಯನ್ನು ಗುಂಪಿಗೆ ಸೇರಿಸಿ, ಫೋನನ್ನು ಅವರ ಕೈಗೆ ಕೊಟ್ಟಳು.

ಬೆರಳುಗಳು ಎದ್ದವು.

ಮೂರು ದಿನ ಬಿಟ್ಟು ಮತ್ತೆ ಅದೇ ಪ್ರಶ್ನೆ, ಇನ್ನೊಂದು ತುಂಡು. ಮತ್ತೆ ಬೆರಳುಗಳು. ಕಾಂತಿಮತಿ ಎಲ್ಲರಿಗೂ ಕಾಣುವಂತೆ, "ಕೆಲವರಿಗೆ ಕತ್ತು ಮೇಲಕ್ಕೆ ಏಳಲ್ಲ ಅನ್ಸುತ್ತೆ, ಎಣ್ಣೆ ಹಚ್ಚಿ ನೀವಿಸ್ಕೊಳ್ಳಲಿ" ಎಂದು ಬರೆದಳು. ಇಂದುಮತಿ ನನಗೆ ಅದನ್ನು ಓದಿ ಹೇಳಿ ನಕ್ಕಳು. ನಾನೂ ಚೂರು ನಕ್ಕೆನೇನೋ.

ಒಂದು ದಿನ ಜುಬೇದಾ ತಡೆಯಲಾರದೆ ಆ ನಂಬರಿಗೆ ಗುಂಪಿನಲ್ಲೇ ತನ್ನ ದನಿ ಕಳಿಸಿದಳು. ಹಿಂದೆ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಿತ್ತು. "ಹೊಸಬರೇ, ಸಾಲು ತಿರುಗಿಸೋ ಮುಂಚೆ ಅಂಚನ್ನ ಉಗುರಿಂದ ಬಿಡ್ಸಿ ನೋಡಿ. ಒಂದು ಕುಣಿಕೆ ನಾಚ್ಕೊಂಡು ಕೂತಿರುತ್ತೆ. ಅದನ್ನ ಬಿಡಬೇಡಿ, ಅಷ್ಟೇ." ಮಾರನೆಯ ದಿನ ಆ ನಂಬರಿನಿಂದ ಒಂದು ಫೋಟೋ ಬಂತು. ನೀಲಿ ತುಂಡು, ನಾಲ್ಕೂ ಅಂಚು ಗೆರೆ ಎಳೆದ ಹಾಗೆ ನೇರ. ಕೆಳಗೆ, "ನಿಮಗೆ ಒಳ್ಳೆಯದಾಗಲಿ ತಾಯಿ" ಎಂದಿತ್ತು.

ಇಂದುಮತಿ ಜುಬೇದಾಳಿಗೆ ಫೋನು ಮಾಡಿ ಗದರಿದಳು. ಆಮೇಲೆ ಕೆಲವು ದಿನ ನೇರವಾದ ತುಂಡುಗಳ ಫೋಟೋ ಬಂದವು. ಆಮೇಲೆ ಜುಬೇದಾ ಮಗಳ ಬಾಣಂತನಕ್ಕೆಂದು ಪರಸ್ಥಳಕ್ಕೆ ಹೋದಳು. ಅವಳು ಹೋದ ಮೇಲೆ ಒಂದು ಬೆಳಿಗ್ಗೆ ಅದೇ ನಂಬರು ಮತ್ತೆ ಕೇಳಿತು: "ನಾನು ಹೊಸಬಳು. ನನ್ನದು ಯಾಕೆ ತ್ರಿಕೋನ ಆಗುತ್ತಿದೆ?"

"ನೋಡಿ ಅಕ್ಕಾ!" ಇಂದುಮತಿ ಫೋನನ್ನು ನನ್ನ ಮುಖಕ್ಕೆ ಹಿಡಿದಳು. "ಹೇಳಿಸ್ಕೊಂಡು, ಸರಿಯಾಗಿ ಮಾಡಿ ತೋರಿಸಿ, ಈಗ ಮತ್ತೆ ಹೊಸಬಳಂತೆ. ಇದು ಕಲಿಯೋಕೆ ಬಂದಿರೋದಲ್ಲ. ನಮ್ಮ ಕೂದಲು ಕೀಳೋಕೆ ಬಂದಿರೋದು."

"ಯಾರಾದರೂ ಮರೆತಿರಬಹುದು ಕಣೇ."

"ಮರೆಯೋಕೆ ಅದೇನು ಮಗ್ಗಿಯಾ? ಕಾಂತಿಮತಿ ಮೊದಲೇ ಹೇಳಿದ್ಲು, ಯಾರೋ ತಮಾಷೆ ಮಾಡ್ತಿದಾರೆ ಅಂತ." ನನ್ನ ಎದುರಿಗೇ ಅವಳು ಆ ನಂಬರನ್ನು ಗುಂಪಿನಿಂದ ತೆಗೆದುಹಾಕಿದಳು. ತೆಗೆದದ್ದು ಒಂದು ಹೆಬ್ಬೆರಳಿನ ಒತ್ತು. ಕಾಫಿ ಲೋಟ ಕೆಳಗಿಡುವಷ್ಟೂ ಹೊತ್ತಾಗಲಿಲ್ಲ.

ಚಳಿ ಬಿದ್ದ ಮೇಲೆ, ಒಂದು ಮಧ್ಯಾಹ್ನ, ಇಂದುಮತಿ ಫೋನು ಹಿಡಿದು ನಮ್ಮ ಮನೆಗೆ ಬಂದಳು. ಅದರ ಹೊಟ್ಟೆ ತುಂಬಿ ಹೊಸದೇನೂ ಹಿಡಿಯುತ್ತಿರಲಿಲ್ಲ. ಗುಂಪಿನಲ್ಲಿ ಬಂದ ಫೋಟೋಗಳನ್ನು ಅಳಿಸಲು ಕೂತಳು. ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಒಂದೊಂದೇ ಅಳಿಸುತ್ತ, "ಇದು ಕಾಂತಿಮತಿ ಕೈ, ಯಾವಾಗಲೂ ಬಿಗಿ. ಇದು ಆ ಹೊಸ ಪೇಟೆ ರಾಯರದು, ಸಡಿಲ, ಅವರ ಪಂಚೆ ಥರಾನೇ" ಎಂದು ಹೇಳುತ್ತ ಹೋದಳು. ಬಳಗದ ಹಳಬರಿಗೆ ಅದೊಂದು ಹೆಮ್ಮೆ. ಬರೀ ಕರ್ಚೀಪಿನ ಅಂಚು ನೋಡಿ ಹೆಣೆದದ್ದು ಯಾರೆಂದು ಹೇಳಬಲ್ಲರು.

ಹಾಗೆ ಹೇಳುತ್ತಿದ್ದವಳು ಮಾತು ನಿಲ್ಲಿಸಿದಳು. ಪರದೆಯ ಮೇಲೆ ನೀಲಿ ತುಂಡುಗಳು ಸಾಲಾಗಿ ಬಂದಿದ್ದವು. ಒಂದನ್ನು ದೊಡ್ಡದು ಮಾಡಿದಳು. ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು.

"ಅಕ್ಕಾ, ಇಲ್ಲಿ ನೋಡಿ. ಹೊಸಬರ ಕೈಯಲ್ಲಿ ಒಂದು ಕುಣಿಕೆ ಸಣ್ಣದು, ಒಂದು ದೊಡ್ಡದು ಬರುತ್ತೆ. ಯಾರಿಗೇ ಆಗಲಿ. ಇದು ನೋಡಿ, ಅಕ್ಕಿ ಕಾಳು ಜೋಡಿಸಿದ ಹಾಗಿದೆ."

ನಾನು ನೋಡಿದೆ. ತ್ರಿಕೋನವೇ ಆಗಿದ್ದರೂ ಒಳಗಿನ ಕುಣಿಕೆಗಳೆಲ್ಲ ಒಂದೇ ಅಳತೆ.

"ಸಾಲು ಹೋಗಿರೋ ದಿಕ್ಕು ನೋಡಿ ಅಕ್ಕಾ" ಎಂದಳು. ಅವಳ ದನಿ ಇಳಿದಿತ್ತು. "ಎಡದಿಂದ ಬಲಕ್ಕೆ."

ನಮ್ಮೂರಿನಲ್ಲಿ ಎಡಗೈಯಲ್ಲಿ ಹೆಣೆಯುವವರು ಒಬ್ಬರೇ. ಅವಳು ಒಂದೊಂದೇ ಫೋಟೋ ತೆರೆದು ನೋಡುತ್ತ ಹೋದಳು. ಪ್ರತಿಯೊಂದರ ಕೆಳಗೂ ತಾನು ಒತ್ತಿದ ಬೆರಳು. ಕರ್ಚೀಪಿನ ಅಂಚಿನಲ್ಲಿ ಕೈ ಗುರುತಿಸುವವಳು ಇವುಗಳನ್ನು ಒಂದು ಸಲವೂ ತೆರೆದು ನೋಡಿರಲಿಲ್ಲ. ಪ್ರಶ್ನೆ ಗೊತ್ತಿತ್ತಲ್ಲ, ಫೋಟೋ ಯಾಕೆ ನೋಡಬೇಕು?

ಅವಳು ಆ ನಂಬರಿಗೆ ಫೋನು ಮಾಡಿದಳು. ವೃಂದಾ ಎತ್ತಿದಳು. ಇಂದುಮತಿ ತನ್ನ ಹೆಸರು ಹೇಳಿದಳು. ಆ ಕಡೆಯಿಂದ ವೃಂದಾ, "ಬನ್ನಿ ಆಂಟಿ" ಎಂದಳು.

ಆಟೋದಲ್ಲಿ ನಾನೂ ಹೋದೆ. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯೊಂದು ಮುಗಿಯದ ಹಾಗೆ ಸಾಗುತ್ತಿದ್ದಾಗ ಇಂದುಮತಿ ಜಡೆಯ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

ತಾರಾಬಾಯಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಒಗೆದ ಸೀರೆ, ಬಾಚಿದ ತಲೆ, ಮಡಿಲಲ್ಲಿ ಖಾಲಿ ಕೈ. ನಮ್ಮನ್ನು ಕಂಡು, "ಬನ್ನಿ, ಕೂತ್ಕೊಳ್ಳಿ. ಬಿಸಿಲಲ್ಲಿ ಬಂದಿದೀರಿ. ವೃಂದಾ, ಇವರಿಗೆ ನೀರು ಕೊಡು" ಎಂದರು. ನಾವು ಯಾರೆಂದು ಅವರಿಗೆ ತಿಳಿಯಲಿಲ್ಲ. ತಿಳಿಯದಿದ್ದರೂ ಉಪಚಾರ ತಪ್ಪಲಿಲ್ಲ.

ಅಡುಗೆಮನೆಯಲ್ಲಿ ವೃಂದಾ ನಡೆದದ್ದೆಲ್ಲ ಹೇಳಿದಳು. ಅವಳು ದೂರಲಿಲ್ಲ. ದೂರಿದ್ದರೆ ಇಂದುಮತಿಗೆ ಹಗುರವಾಗುತ್ತಿತ್ತೇನೋ. "ಬೆರಳಿನ ಚಿತ್ರ ಬರ್ತಿತ್ತಲ್ಲ ಆಂಟಿ, ಅದನ್ನ ಅತ್ತೆ ಒಂದು ನಿಮಿಷ ಇರಿ ಅಂತ ಅಂದ್ಕೋತಿದ್ರು. 'ಪಾಪ, ಕೆಲಸದಲ್ಲಿದಾರೆ, ಬರ್ತಾರೆ' ಅಂತ ಫೋನು ತೊಡೆ ಮೇಲಿಟ್ಕೊಂಡು ಕಾಯ್ತಿದ್ರು. ಊಟಕ್ಕೆ ಕರೆದ್ರೂ ಏಳ್ತಿರಲಿಲ್ಲ. ಮೇಲೆ ಬರೆದಿರೋದನ್ನ ನಾನು ಓದಿ ಹೇಳಿದೆ. ಓದೋದು ಮುಗಿಯೋ ಹೊತ್ತಿಗೆ ಶುರು ಮರೆತು ಹೋಗ್ತಿತ್ತು."

"ಜುಬೇದಾ ಹೇಳಿದಾಗ..." ಎಂದಳು ಇಂದುಮತಿ.

"ಆಗ ಚೆನ್ನಾಗಿತ್ತು. ಅವರ ದನಿ ಹಾಕಿ ಕೇಳಿಸಿದ್ರೆ ಸಾಕು, ಕೈ ತಾನೇ ಹೋಗ್ತಿತ್ತು. ಆ ಹೊತ್ತಿಗೆ ಒಂದು ಸಲ ಹೇಳಿದ್ರೆ ಎರಡು ಮೂರು ದಿನ ನೆನಪಿರ್ತಿತ್ತು ಆಂಟಿ. ನನ್ನ ಹಾಳು ಕೈ, ಫೋನು ನೀರಿಗೆ ಬಿತ್ತು. ರಿಪೇರಿ ಆಗಿ ಬಂತು, ದನಿ ಹೋಗಿತ್ತು. ಆಮೇಲೆ ಗುಂಪೂ ಕಾಣಲಿಲ್ಲ." ಅವಳು ಲೋಟ ತೊಳೆಯುತ್ತ ನಿಂತಳು. "ಕಾಣದೇ ಹೋದ ಮೇಲೆ ಒಂದು ವಾರ ಕೇಳಿದ್ರು, ನಮ್ಮ ಹುಡುಗೀರು ಬಂದ್ರಾ, ಬಂದ್ರಾ ಅಂತ. ಆಮೇಲೆ ಕಡ್ಡಿ ಬುಟ್ಟಿಗೆ ಹಾಕಿ ಮುಚ್ಚಿಟ್ರು."

ಇಂದುಮತಿ ಆ ಬುಟ್ಟಿಯನ್ನು ತಂದಳು. ಕುರ್ಚಿಯ ಎದುರಿಗೆ ಸ್ಟೂಲು ಎಳೆದು, ಮಂಡಿಗೆ ಮಂಡಿ ತಾಗಿಸಿ ಕೂತು, ಕಡ್ಡಿಯನ್ನು ಟೀಚರ ಎಡಗೈಗೆ ಕೊಟ್ಟಳು. ಆ ಕೈ ಕಡ್ಡಿಯನ್ನು ಚಮಚದ ಹಾಗೆ ಹಿಡಿಯಿತು. ಸ್ವಲ್ಪ ಹೊತ್ತಿನ ಮೇಲೆ ಬೆರಳು ತಾನಾಗಿ ನೂಲಿಗೆ ಹೋಯಿತು. ಒಂದು ಕುಣಿಕೆ ಬಂತು. ಇನ್ನೊಂದು.

"ನಂದು ಯಾಕೆ ಹೀಗೆ ಒಳಗೆ ಹೋಗ್ತಿದೆ?" ತಾರಾಬಾಯಿ ಕೇಳಿದರು. "ನಾನು ಹೊಸಬಳು."

ಇಂದುಮತಿ ಅಂಚನ್ನು ಉಗುರಿನಿಂದ ಬಿಡಿಸಿ ತೋರಿಸಿದಳು.

ಅಂದಿನಿಂದ ಅವಳು ದಿನಾ ಬೆಳಿಗ್ಗೆ ಹೋಗತೊಡಗಿದಳು. ಅಡುಗೆ ಮುಗಿಸಿ, ಗಂಡನ ಕನ್ನಡಕ ಅವನ ಜೇಬಿಗೇ ಸಿಕ್ಕಿಸಿ, ಹತ್ತರ ಬಸ್ಸಿಗೆ. ಟೀಚರು ಪ್ರತಿ ಸಾಲಿನ ತುದಿಗೂ ಕೇಳುತ್ತಿದ್ದರು, ಒಮ್ಮೊಮ್ಮೆ ಸಾಲಿನ ನಡುವೆಯೂ. ಇಂದುಮತಿ ಪ್ರತಿ ಸಲವೂ ಹೇಳುತ್ತಿದ್ದಳು. ಬೆರಳೆತ್ತಿ ತೋರಿಸಬಹುದಿತ್ತು, ಮಾತಿಲ್ಲದೆ ಅಂಚು ಬಿಡಿಸಿ ಕೊಡಬಹುದಿತ್ತು. ಜುಬೇದಾ ಊರಿನಿಂದ ಬಂದ ಮೇಲೆ, "ನಾನೂ ಬರ್ತೀನಿ ಅಕ್ಕಾ, ಹಂಚ್ಕೊಳ್ಳೋಣ, ನನ್ನದು ಹೇಗೂ ಹೋಗಿದೆ" ಎಂದಳು. ಇಂದುಮತಿ ಒಪ್ಪಲಿಲ್ಲ. ಆದರೆ ಜುಬೇದಾ ದಿನಾ ಬಸ್ಸಿನ ಹೊತ್ತಿಗೆ ಒಂದು ಡಬ್ಬಿಯಲ್ಲಿ ಖರ್ಜೂರವೋ ಬಿಸ್ಕತ್ತೋ ತಂದು ಅವಳ ಚೀಲಕ್ಕೆ ಹಾಕಿ ಹೋಗುತ್ತಿದ್ದಳು.

ಬಳಗದ ವಿಷಯ ಹೇಳಬೇಕೆಂದರೆ, ಅದು ಹೆಚ್ಚೇನೂ ಬದಲಾಗಲಿಲ್ಲ. ಸುದ್ದಿ ತಿಳಿದ ದಿನ ಎಲ್ಲರೂ ಅತ್ತ ಮುಖದ ಚಿತ್ರ ಹಾಕಿದರು. ಕಾಂತಿಮತಿ ನಿಜವಾಗಿಯೂ ಅತ್ತಳು, ಅವಳ ಕಣ್ಣು ಊದಿದ್ದನ್ನು ನಾನೇ ನೋಡಿದೆ. ಹದಿನೈದು ದಿನ ಹೊಸಬರಿಗೆ ಒಳ್ಳೆಯ ಮಾತಿನ ಉತ್ತರಗಳು ಬಂದವು. ಆಮೇಲೆ ಒಬ್ಬರು ಬೆರಳು ಒತ್ತಿದರು, ಇನ್ನೊಬ್ಬರು ಒತ್ತಿದರು. ಇಂದುಮತಿ ಗುಂಪಿನ ಯಜಮಾನಿಕೆಯನ್ನು ಜುಬೇದಾಳಿಗೆ ಕೊಟ್ಟು ಹೊರಬಂದಿದ್ದಳು.

ಟೀಚರ ಕೈ ಹಿಂದಿರುಗಲಿಲ್ಲ. ಬೆಳಿಗ್ಗೆ ಕಲಿತದ್ದು ಮಧ್ಯಾಹ್ನಕ್ಕಿಲ್ಲ. ಆಮೇಲೆ ಈ ಸಾಲಿನಲ್ಲಿ ಕಲಿತದ್ದು ಮುಂದಿನ ಸಾಲಿಗಿಲ್ಲ. ಹೆಣೆಯುವಷ್ಟು ಹೊತ್ತಾದರೂ ಮೊದಲಿನ ತಾರಾಬಾಯಿ ಬರುತ್ತಾರೆಂದು ವೃಂದಾ ಹೇಳಿದ್ದಳಲ್ಲ, ಇಂದುಮತಿ ಕಾಯುತ್ತಿದ್ದದ್ದು ಅದನ್ನೇ. ಒಂದು ಸಲ, ಒಂದೇ ಸಲ, ಅವರು ತನ್ನನ್ನು ಇಂದೂ ಎಂದು ಕರೆದರೆ ಸಾಕು, ಕಾಲು ಹಿಡಿದು ಕೇಳಬೇಕಾದದ್ದು ಒಂದಿದೆ ಎಂದು ನನ್ನಲ್ಲಿ ಹೇಳಿದ್ದಳು. "ಮಳೆಗಾಲದಲ್ಲೇ ಬಂದಿದ್ರೆ ಅಕ್ಕಾ" ಎನ್ನುವಳು, ಮಾತು ಅಲ್ಲಿಗೆ ಬಿಡುವಳು. ನಾನು ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸುತ್ತಿದ್ದೆ.

ಅವಳ ತಲೆ ಮೊದಲು ಕಿವಿಯ ಮೇಲೆ ಬೆಳ್ಳಗಾಯಿತು. ಆಮೇಲೆ ನೆತ್ತಿ, ಆಮೇಲೆ ಜಡೆ ಹೆಣೆದರೆ ಕರಿಯ ಕಾಲೊಂದು ಬಿಳಿಯ ಕಾಲೆರಡು. ಕನ್ನಡಿಯನ್ನು ಕಿಟಕಿಗೆ ತಿರುಗಿಸಿ ಕೂಗುವುದು ನಿಂತುಹೋಗಿತ್ತು. ಬೇಸಿಗೆ ಬರುವಷ್ಟರಲ್ಲಿ ಒಂದು ಕಪ್ಪೆಳೆಯೂ ಉಳಿಯಲಿಲ್ಲ. ಬಸ್ಸಿನಲ್ಲಿ ಯಾರೋ ಹುಡುಗಿ ಎದ್ದು, "ಕೂತ್ಕೊಳ್ಳಿ ಅಜ್ಜಿ" ಎಂದಳಂತೆ. ಕೂತೆ ಎಂದಳು ನನ್ನೊಡನೆ.

ಆ ವಾರವೇ ಇರಬೇಕು, ಟೀಚರಿಗೆಂದು ಹೆಸರುಕಾಳಿನ ಉಸಲಿ ಮಾಡಿಕೊಂಡು ನಾನೂ ಅವಳೊಡನೆ ಹೋಗಿದ್ದೆ. ಎಂದಿನಂತೆ ಅವಳು ಸ್ಟೂಲಿನಲ್ಲಿ ಎದುರಿಗೆ ಕೂತು ಕಡ್ಡಿ ಕೊಟ್ಟಳು. ತಾರಾಬಾಯಿ ನೀಲಿ ತುಂಡನ್ನು ತೊಡೆಯ ಮೇಲೆ ಹರಡಿ ನೋಡಿದರು. ಅಂಚು ಒಳಗೆ ಸರಿದಿತ್ತು. ಹುಬ್ಬು ಗಂಟಿಕ್ಕಿ, ಕೇಳಬೇಕೆಂದು ತಲೆ ಎತ್ತಿದರು. ಇಂದುಮತಿ ಹೇಳಲು ಸಿದ್ಧಳಾಗಿ ಮುಂದಕ್ಕೆ ಬಾಗಿದಳು. ಕಿಟಕಿಯ ಬಿಸಿಲು ಅವಳ ತಲೆಯ ಮೇಲೆ ಬಿದ್ದಿತ್ತು. ತಾರಾಬಾಯಿ ಬಾಯಿ ತೆರೆದವರು ಹಾಗೆಯೇ ಉಳಿದರು. ಕೈ ಚಾಚಿ ಅವಳ ಕೂದಲನ್ನು ಮುಟ್ಟಿದರು, ಹಣೆಯಿಂದ ಹಿಂದಕ್ಕೆ, ಮಗುವಿಗೆ ಸವರುವಂತೆ.

"ಅಯ್ಯೋ ತಾಯಿ, ಎಷ್ಟು ನೆರೆತುಹೋಗಿದೆ" ಎಂದರು. "ಯಾರೋ ನಿಮ್ಮನ್ನ ಕೇಳಿ ಕೇಳಿ ಪೀಡಿಸಿಬಿಟ್ಟಿದಾರೆ. ಪಾಪ."

"ಇಲ್ಲ ಟೀಚರ್. ನೀವು ಕೇಳಿ."

"ಒಂದು ಕೇಳೋದಿತ್ತು." ಅವರು ಮಡಿಲಿನ ತುಂಡನ್ನು ನೋಡಿದರು, ಮತ್ತೆ ಇಂದುಮತಿಯ ತಲೆಯನ್ನು ನೋಡಿದರು. "ಬೇಡ ಬಿಡಿ. ಸಣ್ಣ ವಿಷಯ. ನೀವು ಸುಮ್ಮನೆ ಕೂತು ಸುಧಾರಿಸ್ಕೊಳ್ಳಿ."

"ಕೇಳಿ ಟೀಚರ್. ದಮ್ಮಯ್ಯ, ಕೇಳಿ."

ತಾರಾಬಾಯಿ ನಕ್ಕು ತಲೆಯಾಡಿಸಿದರು. ತುಂಡನ್ನು ಅಚ್ಚುಕಟ್ಟಾಗಿ ಮಡಿಚಿ, ಅದರ ಮೇಲೆ ಕಡ್ಡಿಯನ್ನಿಟ್ಟು, ಎರಡನ್ನೂ ಇಂದುಮತಿಯ ಕೈಯಲ್ಲಿಟ್ಟು, ಆ ಕೈಯನ್ನು ತಮ್ಮ ಎರಡೂ ಕೈಗಳಿಂದ ಮುಚ್ಚಿದರು.